ಬ್ಯಾಟರಿ ಪ್ಯಾಕ್‌ನಲ್ಲಿ ಫ್ರಿಜ್: 20 ಗಂಟೆ ಬರಬೇಕಾದದ್ದು 11 ಗಂಟೆಗೇ ಯಾಕೆ ಖಾಲಿಯಾಗುತ್ತದೆ?

ಪ್ರಶ್ನೆ: ಲೈನ್ ಕರೆಂಟ್ ಇಲ್ಲದ ಜಾಗದಲ್ಲಿ ಮನೆ ಮಾಡಿದ್ದೇವೆ. 1,024 ವ್ಯಾಟ್-ಅವರ್‌ನ ಪೋರ್ಟಬಲ್ ಪವರ್ ಸ್ಟೇಷನ್ (ಇನ್ವರ್ಟರ್ ಒಳಗೇ ಇರುವ ಬ್ಯಾಟರಿ ಪ್ಯಾಕ್) ತೆಗೆದುಕೊಂಡೆವು. ಅದರ ಔಟ್‌ಪುಟ್ 1,000 ವ್ಯಾಟ್, ಸರ್ಜ್ (ಅರೆಕ್ಷಣ ಮಾತ್ರ ಕೊಡಬಲ್ಲದ್ದು) 2,000 ವ್ಯಾಟ್ ಅಂತ ಬರೆದಿದೆ. ಜೊತೆಗೆ 200 ವ್ಯಾಟ್‌ನ ಒಂದು ಸೋಲಾರ್ ಪ್ಯಾನಲ್ ಇದೆ. ಫ್ರಿಜ್ ನಮ್ಮ ಹಳೆಯದೇ, 240 ಲೀಟರ್‌ನ ಫ್ರಾಸ್ಟ್-ಫ್ರೀ. ಹಿಂದೆ 150 ವ್ಯಾಟ್ ಅಂತಿದೆ. ‘ಫ್ರಿಜ್ ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಓಡೋದು, 20 ಗಂಟೆ ಬರುತ್ತೆ’ ಅಂತ ಮಾರಿದವರು ಹೇಳಿದ್ದರು. ಮೊದಲ ದಿನ ಬೆಳಿಗ್ಗೆ ಎದ್ದು ನೋಡಿದರೆ ಫ್ರಿಜ್ ಬಂದ್. ಪ್ಯಾಕ್‌ನಲ್ಲಿ ಮಾತ್ರ ಇನ್ನೂ 60 ಪರ್ಸೆಂಟ್ ಚಾರ್ಜ್ ಇತ್ತು! ಸೆಟ್ಟಿಂಗ್ಸ್ ಬದಲಾಯಿಸಿದ ಮೇಲೆ ಹಾಗೆ ನಿಲ್ಲುವುದು ತಪ್ಪಿತು. ಆದರೆ 11 ಗಂಟೆಗೆ ಪೂರ್ತಿ ಖಾಲಿಯಾಗುತ್ತದೆ. ಆಗಾಗ ‘ಓವರ್‌ಲೋಡ್’ ಅಂತ ತೋರಿಸಿ ನಿಲ್ಲುತ್ತದೆ. ತಕ್ಷಣ ಆನ್ ಮಾಡಿದರೆ ಫ್ರಿಜ್ ಹಿಂದಿನಿಂದ ‘ಟಿಕ್’ ಅಂತ ಸದ್ದು ಬರುತ್ತದೆ, ಫ್ರಿಜ್ ಓಡುವುದಿಲ್ಲ. ನಮಗೆ ಮೋಸವಾಯಿತಾ? ಇಂಥದ್ದೇ ಇನ್ನೊಂದು ಪ್ಯಾಕ್ ತಂದು ಸೇರಿಸಬಹುದಾ? ಕಾರಿನ ಹಳೆ ಬ್ಯಾಟರಿ ಒಂದಿದೆ, ಅದು ಉಪಯೋಗಕ್ಕೆ ಬರುತ್ತಾ? ಪ್ಯಾಕ್ ಅನ್ನು ಫ್ರಿಜ್ ಹಿಂದಿನ ಸಂದಿಯಲ್ಲಿ ಇಟ್ಟಿದ್ದೇನೆ, ಅಪಾಯ ಇದೆಯಾ? ಅಪ್ಪನ ಇನ್ಸುಲಿನ್ ಕೂಡ ಇದೇ ಫ್ರಿಜ್‌ನಲ್ಲಿದೆ, ಅದೇ ದೊಡ್ಡ ಚಿಂತೆ.

ಉತ್ತರ: ಮೊದಲು ಇನ್ಸುಲಿನ್ ವಿಷಯ. ಉಳಿದದ್ದನ್ನು ನಿಧಾನವಾಗಿ ಸರಿ ಮಾಡಿಕೊಳ್ಳಬಹುದು, ಇದು ಇವತ್ತೇ ಆಗಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿತು ಅಂದರೆ ಅದನ್ನು ಕರಗಿಸಿ ಬಳಸುವ ಹಾಗಿಲ್ಲ, ಎಸೆಯಬೇಕು. ಈಗ ಬಳಕೆಯಲ್ಲಿರುವ ಪೆನ್ ಅಥವಾ ಬಾಟಲಿಗೆ ಮಾತ್ರ ಫ್ರಿಜ್ ಬೇಕೇ ಬೇಕು ಅಂತಿಲ್ಲ. ಬಹುತೇಕ ಇನ್ಸುಲಿನ್‌ಗಳನ್ನು ತೆರೆದ ಮೇಲೆ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ಎಷ್ಟು ಡಿಗ್ರಿ, ಎಷ್ಟು ದಿನ ಅನ್ನುವುದು ಒಂದೊಂದು ಬಗೆಗೆ ಒಂದೊಂದು ಥರ. ಡಬ್ಬಿಯೊಳಗಿನ ಚೀಟಿಯಲ್ಲಿ ಅದು ಇರುತ್ತದೆ, ಓದಿ. ನಿಮ್ಮ ಫ್ರಿಜ್ ಕೆಲವು ಸಲ ಗಂಟೆಗಟ್ಟಲೆ ನಿಂತಿದೆ. ಒಳಗೆ ಎಷ್ಟು ಬಿಸಿಯಾಗಿತ್ತು ಅಂತ ಅಳತೆಯೂ ಇಲ್ಲ. ಹಾಗಾಗಿ ಈಗಿರುವ ಸ್ಟಾಕ್ ಬಳಸಬಹುದಾ ಅಂತ ಡಾಕ್ಟರನ್ನು ಅಥವಾ ಔಷಧಿ ಕೊಟ್ಟವರನ್ನು ಕೇಳಿಯೇ ಮುಂದುವರಿಯಿರಿ. ಇನ್ಸುಲಿನ್ ಕೆಟ್ಟಿದ್ದರೂ ಬರಿಗಣ್ಣಿಗೆ ಗೊತ್ತಾಗದೇ ಇರಬಹುದು. ಫ್ರಿಜ್ ಒಳಗೆ ಒಂದು ಥರ್ಮಾಮೀಟರ್ ಇಡಿ. ಅತಿ ಕಡಿಮೆ ಮತ್ತು ಅತಿ ಹೆಚ್ಚು ಎಷ್ಟಾಗಿತ್ತು ಅಂತ ನೆನಪಿಟ್ಟು ತೋರಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ, ಅದೇ ಒಳ್ಳೆಯದು. ಇನ್ಸುಲಿನ್ ಅನ್ನು ತಣ್ಣನೆ ಗಾಳಿ ಬರುವ ಕಿಂಡಿಯ ಎದುರು ಇಡಬೇಡಿ.

ಇನ್ನು ಮೋಸದ ಮಾತು. ನೀವು ಬರೆದಿದ್ದನ್ನು ನೋಡಿದರೆ ಪ್ಯಾಕ್ ಕೆಟ್ಟಿಲ್ಲ, ಫ್ರಿಜ್ ಕೂಡ ಕೆಟ್ಟಿಲ್ಲ. 20 ಗಂಟೆ ಅನ್ನುವ ಲೆಕ್ಕವೇ ಅರ್ಧಂಬರ್ಧ. ಫ್ರಿಜ್ ರಿಪೇರಿ, ಸಣ್ಣ ಸೋಲಾರ್ ಕೆಲಸ ಎರಡನ್ನೂ ಮಾಡುವ ನನಗೆ ಈ ಲೆಕ್ಕ ತುಂಬ ಪರಿಚಯ. 1,024 ವ್ಯಾಟ್-ಅವರ್ ಅಂದರೆ ಬಿಲ್‌ನಲ್ಲಿ ನಾವು ನೋಡುವ ಒಂದು ಯೂನಿಟ್‌ಗಿಂತ ಚೂರು ಜಾಸ್ತಿ, ಅಷ್ಟೇ. ಮಾರಿದವರು ಫ್ರಿಜ್‌ನ 150 ವ್ಯಾಟ್ ತೆಗೆದುಕೊಂಡರು, ಅದನ್ನು ಮೂರರಿಂದ ಭಾಗಿಸಿ 50 ಮಾಡಿದರು, 1,024ನ್ನು 50ರಿಂದ ಭಾಗಿಸಿ 20 ಗಂಟೆ ಅಂದರು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಅಲ್ಲಿ ಬಿಟ್ಟುಹೋದದ್ದು ನಾಲ್ಕು ಸಂಗತಿ.

ಮೊದಲನೆಯದು ಕಂಪ್ರೆಸರ್. ನಿಮ್ಮ ಥರದ ಫ್ರಿಜ್‌ನ ಕಂಪ್ರೆಸರ್ ಓಡುವಾಗ ಸುಮಾರು 100 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳೋಣ. ಸೆಖೆ ಇರುವ ಅಡುಗೆಮನೆಯಲ್ಲಿ ಅದು ಮೂರರಲ್ಲಿ ಒಂದು ಪಾಲಲ್ಲ, ಅರ್ಧ ಹೊತ್ತು ಓಡುತ್ತದೆ. ಸರಾಸರಿ 50 ವ್ಯಾಟ್ ಆಯಿತು. 11 ಗಂಟೆಗೆ 550 ವ್ಯಾಟ್-ಅವರ್.

ಎರಡನೆಯದು ಡಿಫ್ರಾಸ್ಟ್ ಹೀಟರ್. ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ಮಂಜು ಕಟ್ಟುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಕಟ್ಟುತ್ತದೆ, ಒಳಗೋಡೆಯ ಹಿಂದಿನ ತಣ್ಣನೆ ಕಾಯಿಲ್ ಮೇಲೆ ಕಟ್ಟುತ್ತದೆ, ನಮಗೆ ಕಾಣಿಸುವುದಿಲ್ಲ ಅಷ್ಟೇ. ಅದನ್ನು ಕರಗಿಸಲು ದಿನಕ್ಕೆ ಎರಡು ಮೂರು ಸಲ ಒಳಗಿನ ಹೀಟರ್ ಆನ್ ಆಗುತ್ತದೆ. ಅದು 200 ವ್ಯಾಟ್‌ನಂತೆ 25 ನಿಮಿಷ ಓಡಿದರೆ 85 ವ್ಯಾಟ್-ಅವರ್ ಹೋಯಿತು. ರಾತ್ರಿ ಎದ್ದು ಪ್ಯಾಕ್‌ನ ಡಿಸ್‌ಪ್ಲೇ ನೋಡಿದಾಗ ಕಂಪ್ರೆಸರ್ ಸದ್ದೇ ಇಲ್ಲದೆ ಲೋಡ್ ಮಾತ್ರ ಒಂದೇ ಸಮನೆ 200ರ ಹತ್ತಿರ ನಿಂತಿದ್ದರೆ, ಅದು ಈ ಹೀಟರ್.

ಮೂರನೆಯದು ಪ್ಯಾಕ್‌ನೊಳಗಿನ ಇನ್ವರ್ಟರ್. ಬ್ಯಾಟರಿಯ ಡಿಸಿ ಕರೆಂಟನ್ನು ಅದು ಎಸಿ, ಅಂದರೆ ಲೈನ್‌ನಲ್ಲಿ ಬರುವಂಥ ಕರೆಂಟ್ ಮಾಡುತ್ತದೆ. ಆ ಕೆಲಸದಲ್ಲೇ ಹತ್ತರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಇಲ್ಲಿ 65 ಅಂತಿಟ್ಟುಕೊಳ್ಳಿ. ಇದು ಎಲ್ಲರಿಗೂ ಗೊತ್ತಿರುವ ನಷ್ಟ. ಗೊತ್ತಿಲ್ಲದ್ದು ಇನ್ನೊಂದಿದೆ. ಎಸಿ ಬಟನ್ ಆನ್ ಇದ್ದರೆ ಸಾಕು, ಏನೂ ಲೋಡ್ ಇಲ್ಲದಿದ್ದರೂ ಇನ್ವರ್ಟರ್ ತನ್ನ ಪಾಡಿಗೆ ತಾನು 10ರಿಂದ 25 ವ್ಯಾಟ್ ತಿನ್ನುತ್ತಾ ಇರುತ್ತದೆ. 20 ವ್ಯಾಟ್ ಅಂದರೂ 11 ಗಂಟೆಗೆ 220. ಫ್ರಿಜ್ ಹೀಟರ್‌ಗಿಂತ ಜಾಸ್ತಿ! ದಿನವಿಡೀ ಆನ್ ಇಟ್ಟರೆ ನಿಮ್ಮ ಪ್ಯಾಕ್‌ನ ಸುಮಾರು ಅರ್ಧ ಸುಮ್ನೆ ಇದಕ್ಕೇ ಹೋಗುತ್ತದೆ.

ಕೊನೆಗೆ, ಬ್ಯಾಟರಿಯ ಕಾವಲಿಗಿರುವ ಸರ್ಕ್ಯೂಟ್ ಅದನ್ನು ತಳದವರೆಗೆ ಹಿಂಡಲು ಬಿಡುವುದಿಲ್ಲ. ಅಲ್ಲೊಂದು 100 ಉಳಿದುಬಿಡುತ್ತದೆ. ಎಲ್ಲ ಕೂಡಿಸಿ: 550, 85, 65, 220, 100. ಒಟ್ಟು 1,020. ನಿಮ್ಮ 11 ಗಂಟೆ ಸರಿಯಾಗಿಯೇ ಇದೆ ಅಲ್ವಾ?

ನಾನು ಹಾಕಿದ ಅಂಕಿಗಳು ಇಂಥ ಫ್ರಿಜ್‌ಗಳ ಸಾಮಾನ್ಯ ಅಂಕಿಗಳು, ನಿಮ್ಮ ಫ್ರಿಜ್ ಮೇಲೆ ಅಳೆದದ್ದಲ್ಲ. ಹಾಗಾಗಿ ಬೇರೇನೂ ಕೊಳ್ಳುವ ಮುಂಚೆ ಪ್ಲಗ್ ಮತ್ತು ಸಾಕೆಟ್ ನಡುವೆ ಸಿಕ್ಕಿಸುವ ಎನರ್ಜಿ ಮೀಟರ್ ಒಂದನ್ನು ತನ್ನಿ. ಪೂರ್ತಿ 24 ಗಂಟೆ ಅಳೆಯಿರಿ, ಸಾಧ್ಯವಾದರೆ ಎರಡು ಮೂರು ದಿನ. ಪ್ಯಾಕ್ ಅಷ್ಟು ಹೊತ್ತು ಬರುವುದಿಲ್ಲ, ಹಾಗಾಗಿ ಲೈನ್ ಕರೆಂಟ್ ಇರುವ ಯಾರಾದರೂ ಪರಿಚಯದವರ ಮನೆಯಲ್ಲಿ ಅಳೆಯಬೇಕಾಗಬಹುದು. ಒಂದು ಗಂಟೆ ಅಳೆದು 24ರಿಂದ ಗುಣಿಸುವುದು ಬೇಡ. ಡಿಫ್ರಾಸ್ಟ್ ಬಿಟ್ಟುಹೋಗುತ್ತದೆ, ರಾತ್ರಿ ಹಗಲಿನ ವ್ಯತ್ಯಾಸವೂ ಬಿಟ್ಟುಹೋಗುತ್ತದೆ. ಸ್ಟಿಕ್ಕರ್ ಮೇಲಿನ ವರ್ಷದ ಯೂನಿಟ್‌ಗಳನ್ನು 365ರಿಂದ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ. ಆದರೆ ಅದು ಲ್ಯಾಬ್‌ನಲ್ಲಿ ಅಳೆದದ್ದು. ಹಳೆಯ ಫ್ರಿಜ್, ಬಾಗಿಲಿನ ಸಡಿಲವಾದ ರಬ್ಬರ್ ಗ್ಯಾಸ್ಕೆಟ್, ಬಿಸಿ ಕೋಣೆ, ಇವು ಯಾವುವೂ ಆ ಸ್ಟಿಕ್ಕರ್‌ಗೆ ಗೊತ್ತಿಲ್ಲ.

ಅರವತ್ತು ಪರ್ಸೆಂಟ್ ಇದ್ದೂ ನಿಂತದ್ದು ಯಾಕೆ?

ಇದು ತುಂಬ ಜನರಿಗೆ ಆಗುವ ತೊಂದರೆ. ಬ್ಯಾಟರಿ ಉಳಿಸಲು ಈ ಪ್ಯಾಕ್‌ಗಳಲ್ಲಿ ಇಕೋ ಮೋಡ್ ಅಥವಾ ಆಟೋ-ಆಫ್ ಅಂತ ಒಂದು ಸೌಲಭ್ಯ ಇರುತ್ತದೆ. ಇಷ್ಟು ಹೊತ್ತು ಲೋಡ್ ತೀರಾ ಕಡಿಮೆ ಇದ್ದರೆ ‘ಯಾರೂ ಬಳಸುತ್ತಿಲ್ಲ’ ಅಂದುಕೊಂಡು ಎಸಿ ಔಟ್‌ಪುಟ್ ತಾನೇ ಬಂದ್ ಆಗುತ್ತದೆ. ಫೋನ್ ಚಾರ್ಜರ್‌ಗೆ ಸರಿ. ಫ್ರಿಜ್ ಕತೆ ಬೇರೆ. ಒಳಗೆ ತಂಪಾದ ಮೇಲೆ ಕಂಪ್ರೆಸರ್ ನಿಲ್ಲುತ್ತದೆ, ಆಗ ಫ್ರಿಜ್ ಎಳೆಯುವುದು ಬರೀ ಎರಡು ಮೂರು ವ್ಯಾಟ್. ರಾತ್ರಿ ಬಾಗಿಲು ತೆರೆಯುವವರಿಲ್ಲ, ಸೆಖೆಯೂ ಕಡಿಮೆ, ಕಂಪ್ರೆಸರ್ ಜಾಸ್ತಿ ಹೊತ್ತು ಸುಮ್ಮನಿರುತ್ತದೆ. ಪ್ಯಾಕ್ ಬಂದ್ ಆಗಿಬಿಡುತ್ತದೆ. ಆಮೇಲೆ ಫ್ರಿಜ್‌ಗೆ ಕರೆಂಟ್ ಬೇಕಾದರೂ ಪ್ಯಾಕನ್ನು ಎಬ್ಬಿಸುವವರಿಲ್ಲ. ನೀವು ಬದಲಾಯಿಸಿದ ಸೆಟ್ಟಿಂಗ್ ಇದೇ ಇರಬೇಕು. ಪ್ಯಾಕ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗಲೆಲ್ಲ ಅದು ಹಾಗೇ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಓವರ್‌ಲೋಡ್ ಮತ್ತು ಆ ‘ಟಿಕ್’

ಹಳೆಯ ಮಾದರಿಯ ಕಂಪ್ರೆಸರ್ ನಿಂತಲ್ಲಿಂದ ಏಳುವಾಗ ಓಡುವುದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. 100 ವ್ಯಾಟ್‌ನ ಕಂಪ್ರೆಸರ್ ಅರೆಕ್ಷಣ ಸಾವಿರ ದಾಟುವುದು, ಕೆಲವೊಮ್ಮೆ ಸಾವಿರದೈನೂರು ಮುಟ್ಟುವುದು ಮಾಮೂಲು. ನಿಮ್ಮ ಪ್ಯಾಕ್‌ನ ಸರ್ಜ್ 2,000. ಬ್ಯಾಟರಿ ತುಂಬಿದ್ದು ತಣ್ಣಗಿದ್ದಾಗ ಪ್ಯಾಕ್ ಈ ಹೊಡೆತವನ್ನು ತಾಳಿಕೊಳ್ಳುತ್ತದೆ. ಬ್ಯಾಟರಿ ಇಳಿದಿದ್ದರೆ, ಪ್ಯಾಕ್ ಬಿಸಿಯಾಗಿದ್ದರೆ, ಅದೇ ಹೊತ್ತಿಗೆ ಮಿಕ್ಸರ್ ಕೂಡ ಹಾಕಿದ್ದರೆ ಅಂಚಿಗೆ ಬಂದು ಬೀಳುತ್ತದೆ. ಹೊಸ ಇನ್ವರ್ಟರ್ ಕಂಪ್ರೆಸರ್ ಫ್ರಿಜ್‌ಗಳಲ್ಲಿ ಈ ತಾಪತ್ರಯ ಬಹಳ ಕಡಿಮೆ. ಅವು ನಿಧಾನವಾಗಿ ವೇಗ ಏರಿಸಿಕೊಳ್ಳುತ್ತವೆ.

ಈಗ ಆ ಸದ್ದು. ಕಂಪ್ರೆಸರ್ ನಿಂತ ತಕ್ಷಣ ಪೈಪಿನ ಒಂದು ಕಡೆ ಗ್ಯಾಸ್‌ನ ಒತ್ತಡ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇರುತ್ತದೆ. ಎರಡೂ ಸಮ ಆಗಲು ಕೆಲವು ನಿಮಿಷ ಬೇಕು. ಅದಕ್ಕೆ ಮುಂಚೆ ನೀವು ಆನ್ ಮಾಡಿದರೆ ಮೋಟಾರ್ ಆ ಒತ್ತಡದ ವಿರುದ್ಧ ತಿರುಗಲಾರದೆ ‘ಹ್ಞೂಂ’ ಅಂತ ಗುನುಗುತ್ತದೆ. ಕೆಲವು ಸೆಕೆಂಡ್‌ಗೆ ಕಂಪ್ರೆಸರ್ ಪಕ್ಕದ ಓವರ್‌ಲೋಡ್ ಪ್ರೊಟೆಕ್ಟರ್ ಬಿಸಿಯಾಗಿ ‘ಟಿಕ್’ ಅಂತ ಬಿಟ್ಟುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ತಣ್ಣಗಾಗಿ ಮತ್ತೆ ಕೂಡಿಕೊಳ್ಳುತ್ತದೆ, ಮತ್ತೆ ಗುನುಗು, ಮತ್ತೆ ಟಿಕ್. ಪ್ರತಿ ಸಲವೂ ಮೋಟಾರ್‌ನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಬಿಸಿಯಾಗುತ್ತದೆ. ಹೀಗೆ ದಿನವೂ ಆದರೆ ಮೊದಲು ಹೋಗುವುದು ಕಂಪ್ರೆಸರನ್ನು ಎಬ್ಬಿಸುವ ರಿಲೇ, ಆಮೇಲೆ ಕಂಪ್ರೆಸರ್ರೇ. ಆದ್ದರಿಂದ ಪ್ಯಾಕ್ ಟ್ರಿಪ್ ಆದಾಗ ಫ್ರಿಜ್ ಪ್ಲಗ್ ತೆಗೆಯಿರಿ, ಹತ್ತು ನಿಮಿಷ ಬಿಟ್ಟು ಹಾಕಿ. ಅವಸರ ಬೇಡ. ಅಷ್ಟು ಹೊತ್ತು ಬಿಟ್ಟು, ಬ್ಯಾಟರಿ ತುಂಬಿದ್ದಾಗಲೂ ಟಿಕ್ ಅನ್ನುತ್ತಿದ್ದರೆ ಆಗ ರಿಲೇ ತೋರಿಸಿ.

ಇನ್ನೊಂದು ಸೆಟ್ಟಿಂಗ್ ಇದೆ. ಕೆಲವು ಪ್ಯಾಕ್‌ಗಳಲ್ಲಿ ರೇಟಿಂಗ್‌ಗಿಂತ ದೊಡ್ಡ ಲೋಡನ್ನೂ ಓಡಿಸುತ್ತೇವೆ ಅನ್ನುವ ‘ಬೂಸ್ಟ್’ ಇರುತ್ತದೆ. ಅದು ಮಾಡುವುದು ವೋಲ್ಟೇಜ್ ಇಳಿಸುವುದನ್ನು. ಹೀಟರ್, ಕೆಟಲ್‌ಗೆ ಪರವಾಗಿಲ್ಲ, ಅವು ನಿಧಾನವಾಗಿ ಬಿಸಿಯಾಗುತ್ತವೆ, ಅಷ್ಟೇ. ಕಂಪ್ರೆಸರ್ ಮೋಟಾರ್‌ಗೆ ಕಡಿಮೆ ವೋಲ್ಟೇಜ್ ಅಂದರೆ ಏಳಲಾರದೆ ಬಿಸಿಯಾಗುವುದು. ಫ್ರಿಜ್ ಹಾಕುವಾಗ ಅದನ್ನು ಆಫ್ ಇಡಿ. ಹಾಗೆಯೇ ಇನ್ವರ್ಟರ್ ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟ್‌ನಂತೆ ನಯವಾದ ಅಲೆ ಕೊಡುವಂಥದ್ದೇ ಇರಬೇಕು. ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಅಗ್ಗದ ಮಾಡಿಫೈಡ್ ಸೈನ್ ವೇವ್‌ನಲ್ಲಿ ಕಂಪ್ರೆಸರ್ ಓಡಬಹುದು, ಆದರೆ ಸದ್ದು ಮಾಡಿಕೊಂಡು, ಜಾಸ್ತಿ ಬಿಸಿಯಾಗಿ ಓಡುತ್ತದೆ. ಫ್ರಿಜ್‌ನ ಎಲೆಕ್ಟ್ರಾನಿಕ್ ಬೋರ್ಡ್‌ಗೂ ಅದು ಒಳ್ಳೆಯದಲ್ಲ.

ಇನ್ನೊಂದು ಪ್ಯಾಕ್, ಕಾರಿನ ಬ್ಯಾಟರಿ

ಎರಡು ಪ್ಯಾಕ್‌ಗಳ ಎಸಿ ಔಟ್‌ಪುಟ್‌ಗಳನ್ನು ಒಂದೇ ಬೋರ್ಡ್‌ಗೆ ಕೊಟ್ಟು ಸೇರಿಸಬೇಡಿ. ಇದನ್ನು ಬಲವಾಗಿ ಹೇಳುತ್ತಿದ್ದೇನೆ. ಎರಡರ ಅಲೆಗಳೂ ಒಂದೇ ತಾಳದಲ್ಲಿ ಇರುವುದಿಲ್ಲ. ಒಂದು ಇನ್ನೊಂದರೊಳಗೆ ಕರೆಂಟ್ ನುಗ್ಗಿಸುತ್ತದೆ. ಇನ್ವರ್ಟರ್ ಸುಟ್ಟುಹೋಗುತ್ತದೆ, ಬೆಂಕಿಯೂ ಆಗಬಹುದು. ಅದಕ್ಕೆಂದು ಎರಡೂ ತುದಿಯಲ್ಲಿ ಪ್ಲಗ್ ಇರುವ ವೈರ್ ಮಾಡಿಕೊಳ್ಳುವವರಿದ್ದಾರೆ. ಆ ವೈರಿನ ಒಂದು ತುದಿ ಸಾಕೆಟ್‌ನಲ್ಲಿದ್ದರೆ ಇನ್ನೊಂದು ತುದಿಯ ಬರೀ ಪಿನ್‌ಗಳಲ್ಲಿ ಕರೆಂಟ್ ಇರುತ್ತದೆ. ಮಕ್ಕಳ ಕೈಗೆ ಸಿಕ್ಕರೆ ಏನು ಗತಿ? ತಯಾರಕರೇ ಕೊಡುವ ಎಕ್ಸ್‌ಪ್ಯಾನ್ಶನ್ ಬ್ಯಾಟರಿ ಅಥವಾ ಪ್ಯಾರಲಲ್ ಕಿಟ್ ಇದ್ದರೆ ಮಾತ್ರ ಸೇರಿಸಿ. ಇಲ್ಲವಾದರೆ ಒಂದು ಮುಗಿದ ಮೇಲೆ ಪ್ಲಗ್ ಕಿತ್ತು ಇನ್ನೊಂದಕ್ಕೆ ಹಾಕಿ, ನಡುವೆ ಹತ್ತು ನಿಮಿಷ ಬಿಟ್ಟು.

ಆದರೆ ನಿಮ್ಮ ತೊಂದರೆಗೆ ಎರಡನೇ ಪ್ಯಾಕ್ ಉತ್ತರವೇ ಅಲ್ಲ. ಮೇಲಿನ ಲೆಕ್ಕವನ್ನೇ ಇಡೀ ದಿನಕ್ಕೆ ಹಾಕಿ ನೋಡಿ. ಕಂಪ್ರೆಸರ್ 1,200, ಡಿಫ್ರಾಸ್ಟ್ ಎರಡು ಸಲಕ್ಕೆ 170, ಇನ್ವರ್ಟರ್ ಸುಮ್ಮನೆ ತಿನ್ನುವುದು 480, ಪರಿವರ್ತನೆಯ ನಷ್ಟ 140. ಹತ್ತಿರ ಹತ್ತಿರ 2,000 ವ್ಯಾಟ್-ಅವರ್, ಎರಡು ಯೂನಿಟ್. ನಿಮ್ಮ 200 ವ್ಯಾಟ್ ಪ್ಯಾನಲ್ ಒಳ್ಳೆಯ ಬಿಸಿಲಿನ ದಿನ ಐದು ಗಂಟೆಯ ಪೂರ್ತಿ ಬಿಸಿಲಿಗೆ ಸಮನಾದ ಬೆಳಕು ಪಡೆದರೂ, ಬಿಸಿ, ಧೂಳು, ಓರೆ ಕೋನ, ವೈರು ಎಲ್ಲ ಕಳೆದು ಕೈಗೆ ಬರುವುದು 700ರ ಆಸುಪಾಸು. ಖರ್ಚು 2,000, ಆದಾಯ 700. ತೊಟ್ಟಿ ದೊಡ್ಡದು ಮಾಡಿದರೆ ನಲ್ಲಿಯಲ್ಲಿ ಬರುವ ನೀರು ಜಾಸ್ತಿಯಾಗುವುದಿಲ್ಲ. ಎರಡನೇ ಪ್ಯಾಕ್ ತಂದರೆ ಮೊದಲ ದಿನ ಸಂತೋಷವಾಗುತ್ತದೆ, ಎರಡನೇ ದಿನ ಎರಡೂ ಖಾಲಿ. ಬ್ಯಾಟರಿ ಎಷ್ಟು ದೊಡ್ಡದು ಅಂತ ಎಲ್ಲರೂ ಕೇಳುತ್ತಾರೆ. ದಿನಕ್ಕೆ ಎಷ್ಟು ತುಂಬುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಜನ ಎಡವುವುದು ಇಲ್ಲೇ.

ಕಾರಿನ ಬ್ಯಾಟರಿ ಬೇಡ. ಅದು ಎಂಜಿನ್ ಎಬ್ಬಿಸಲು ಕೆಲವು ಸೆಕೆಂಡ್ ಜೋರಾಗಿ ಕರೆಂಟ್ ಕೊಡಲು ಮಾಡಿದ್ದು. ಒಳಗಿನ ಪ್ಲೇಟ್ ತೆಳು. ಫ್ರಿಜ್ ಥರ ನಿಧಾನವಾಗಿ ತಳದವರೆಗೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಅದೂ ಹಳೆಯದು ಅಂತೀರಿ. ಮನೆಯೊಳಗೆ ಚಾರ್ಜ್ ಮಾಡಿದರೆ ಹೈಡ್ರೋಜನ್ ಗ್ಯಾಸ್ ಬೇರೆ. ನಿಧಾನವಾಗಿ ಗಂಟೆಗಟ್ಟಲೆ ಕರೆಂಟ್ ಕೊಡಲು ಮಾಡಿದ, ಡೀಪ್ ಸೈಕಲ್ ಅನ್ನುವ ಲೆಡ್ ಆಸಿಡ್ ಬ್ಯಾಟರಿ ಆಗಬಹುದು. ಆದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ತೆಗೆಯದಿದ್ದರೆ ಮಾತ್ರ ಬಾಳಿಕೆ. 12 ವೋಲ್ಟ್‌ನ 100 ಆಂಪಿಯರ್-ಅವರ್ ಅಂದರೆ 1,200 ವ್ಯಾಟ್-ಅವರ್, ಕೈಗೆ ಸಿಗುವುದು 600.

ಜೇಬಿನಲ್ಲಿಡುವ ಪವರ್ ಬ್ಯಾಂಕ್‌ಗಳ ಮೇಲಿನ ಸಾವಿರಗಟ್ಟಲೆ ಮಿಲಿಆಂಪಿಯರ್-ಅವರ್ ನೋಡಿಯೂ ಮರುಳಾಗಬೇಡಿ. 20,000 ಅಂತ ಬರೆದದ್ದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. ವ್ಯಾಟ್-ಅವರ್‌ಗೆ ತಂದರೆ ಬರೀ 74.

ಹಾಗಾದರೆ ಏನು ಮಾಡಬಹುದು?

ನಿಮ್ಮ ಮುಂದೆ ಮೂರು ದಾರಿ ಇವೆ. ನನ್ನ ಒಲವು ಎರಡನೆಯದರ ಕಡೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು, ಇದೇ ಫ್ರಿಜ್ ಇಟ್ಟುಕೊಂಡು ಬಳಸುವ ರೀತಿ ಬದಲಾಯಿಸುವುದು. ಇಲ್ಲಿ ನಾನು ತುಂಬ ಇಷ್ಟಪಡುವ ಒಂದು ವಿಷಯ ಇದೆ. ಕರೆಂಟನ್ನೇ ಕೂಡಿಡಬೇಕು ಅಂತೇನಿಲ್ಲ, ತಂಪನ್ನೂ ಕೂಡಿಡಬಹುದು. ಲಸಿಕೆ ಇಡುವ ಸೋಲಾರ್ ಡೈರೆಕ್ಟ್ ಡ್ರೈವ್ ಫ್ರಿಜ್‌ಗಳು ಹೀಗೇ ನಡೆಯುತ್ತವೆ. ಮುಂಚೆ ಲಸಿಕೆಯ ಸೋಲಾರ್ ಫ್ರಿಜ್‌ಗಳು ಬ್ಯಾಟರಿ ಮೇಲೆ ಓಡುತ್ತಿದ್ದವು, ಮತ್ತು ಎಲ್ಲಕ್ಕಿಂತ ಮೊದಲು ಕೈಕೊಡುತ್ತಿದ್ದದ್ದು ಆ ಬ್ಯಾಟರಿಯೇ. ಈಗಿನವು ಹಗಲು ಪ್ಯಾನಲ್‌ನಿಂದ ನೇರವಾಗಿ ಕಂಪ್ರೆಸರ್ ಓಡಿಸಿ ಫ್ರಿಜ್‌ನ ಗೋಡೆಯೊಳಗಿರುವ ನೀರನ್ನು ಐಸ್ ಮಾಡುತ್ತವೆ. ರಾತ್ರಿ ಆ ಐಸ್ ತಂಪು ಕಾಯುತ್ತದೆ.

ಮನೆಯಲ್ಲೂ ಇದನ್ನು ಸಣ್ಣದಾಗಿ ಮಾಡಬಹುದು. ಒಂದು ಕೆಜಿ ಐಸ್ ಕರಗುವಾಗ ಸುಮಾರು 93 ವ್ಯಾಟ್-ಅವರ್‌ನಷ್ಟು ಶಾಖ ಹೀರುತ್ತದೆ. ಐದು ಕೆಜಿಗೆ 465. ಬಾಗಿಲು ಮುಚ್ಚಿದ ಇಂಥ ಫ್ರಿಜ್ ಒಳಗೆ ರಾತ್ರಿ 40-50 ವ್ಯಾಟ್ ಶಾಖ ಸೋರಿ ಬಂದರೆ, ಲೆಕ್ಕದಲ್ಲಿ ಒಂಬತ್ತು ಹತ್ತು ಗಂಟೆಗೆ ಸಾಕು. ನಿಜದಲ್ಲಿ ಸ್ವಲ್ಪ ಕಡಿಮೆಯೇ. ಬಾಟಲಿಗಳಿಗೆ ಪೂರ್ತಿ ನೀರು ತುಂಬಬೇಡಿ, ಐಸ್ ಆದಾಗ ಹಿಗ್ಗಿ ಒಡೆಯುತ್ತವೆ. ಹಗಲು ಬಿಸಿಲಿರುವಾಗ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿ. ಕತ್ತಲಾದ ಮೇಲೆ ಅರ್ಧದಷ್ಟು ತೆಗೆದು ಕೆಳಗಿನ ಭಾಗದ ಮೇಲಿನ ಶೆಲ್ಫ್‌ನಲ್ಲಿಡಿ, ತಣ್ಣನೆ ಗಾಳಿ ಕೆಳಗೆ ಇಳಿಯುತ್ತದೆ. ಉಳಿದವು ಫ್ರೀಜರ್‌ನಲ್ಲೇ ಇರಲಿ. ಎಸಿ ಔಟ್‌ಪುಟ್ ಬಂದ್ ಮಾಡಿ ಮಲಗಿ. ಫ್ರಿಜ್ ಜೊತೆಗೆ ಇನ್ವರ್ಟರ್ ತಿನ್ನುವ ಇನ್ನೂರು ಚಿಲ್ಲರೆಯೂ ಉಳಿಯಿತು.

ಇದರಲ್ಲಿ ಎರಡು ಎಚ್ಚರಿಕೆ. ಐಸ್ ಮಾಡಲೂ ಹಗಲು ಕರೆಂಟ್ ಬೇಕು, ಪುಕ್ಕಟೆ ಅಲ್ಲ. ಈಗಿನ ಒಂದು ಪ್ಯಾನಲ್ ಸಾಲದು, ಕನಿಷ್ಠ 400 ವ್ಯಾಟ್ ಆಗಬೇಕು. ಎರಡನೆಯದು ಆಹಾರ. ಹಾಲು, ಮಾಂಸ, ಬೇಯಿಸಿದ ಅಡುಗೆ 4 ಡಿಗ್ರಿ ಒಳಗೆ ಇರಬೇಕು. ಐಸ್ ಇಡದ ಸಾಮಾನ್ಯ ಫ್ರಿಜ್ ಕರೆಂಟ್ ಹೋದ ಮೇಲೆ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪು ಉಳಿಸಿಕೊಳ್ಳುತ್ತದೆ ಅನ್ನುವುದು ನಂಬಬಹುದಾದ ಲೆಕ್ಕ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ನಿಮ್ಮ ಬಾಟಲಿಗಳು ಬೆಳಗಿನವರೆಗೆ 4 ಡಿಗ್ರಿ ಹಿಡಿಯುತ್ತವಾ ಅಂತ ಥರ್ಮಾಮೀಟರ್ ಹೇಳಬೇಕು, ನಾವು ಅಂದಾಜು ಮಾಡುವುದಲ್ಲ. ಇನ್ಸುಲಿನ್‌ಗೆ ಈ ಏರ್ಪಾಡು ಬೇಡ. ಐಸ್ ಬಾಟಲಿ ತಾಗಿ ಹೆಪ್ಪುಗಟ್ಟುವ ಅಪಾಯವೂ ಇದೆ.

ಎರಡನೇ ದಾರಿ, ಫ್ರಿಜ್ ಬದಲಾಯಿಸುವುದು. ಇದ್ದ ಫ್ರಿಜ್ ಬಿಟ್ಟು ಇನ್ನೊಂದು ಕೊಳ್ಳುವುದು ಅನ್ಯಾಯ ಅನ್ನಿಸುತ್ತದೆ, ಗೊತ್ತು. ಆದರೆ ಲೈನ್ ಇಲ್ಲದ ಮನೆಯಲ್ಲಿ ದಿನಕ್ಕೆ ಒಂದೂವರೆ ಯೂನಿಟ್ ಉಳಿಸುವ ಫ್ರಿಜ್, ಅಷ್ಟನ್ನು ಉತ್ಪಾದಿಸುವ ಪ್ಯಾನಲ್ ಮತ್ತು ಬ್ಯಾಟರಿಗಿಂತ ಸುಲಭದ ದಾರಿ. 12 ಅಥವಾ 24 ವೋಲ್ಟ್ ಡಿಸಿಯಲ್ಲೇ ಓಡುವ ಕಂಪ್ರೆಸರ್ ಫ್ರಿಜ್‌ಗಳಿವೆ. ದೋಣಿ, ಲಾರಿ, ಕ್ಯಾಂಪರ್ ವ್ಯಾನ್‌ಗಳಲ್ಲಿ ಇರುವಂಥವು. 40-60 ಲೀಟರ್‌ನದ್ದು ಓಡುವಾಗ 40-60 ವ್ಯಾಟ್ ಎಳೆಯುತ್ತದೆ, ದಿನಕ್ಕೆ 300ರಿಂದ 500 ವ್ಯಾಟ್-ಅವರ್. ಪ್ಯಾಕ್‌ನ ಡಿಸಿ ಸಾಕೆಟ್‌ನಿಂದಲೇ ಓಡುವುದರಿಂದ ಎಸಿ ಇನ್ವರ್ಟರ್ ಆನ್ ಮಾಡುವ ಅಗತ್ಯವೇ ಇಲ್ಲ. ಏಳುವಾಗಿನ ಹೊಡೆತವೂ ಇಲ್ಲ. ನಿಮ್ಮ ಈಗಿನ ಪ್ಯಾಕ್ ಎರಡು ದಿನದ ಹತ್ತಿರ ಬರುತ್ತದೆ, ಈಗಿನ ಪ್ಯಾನಲ್ಲೇ ಬಿಸಿಲಿನ ದಿನ ಖರ್ಚನ್ನು ತುಂಬಿಕೊಡುತ್ತದೆ. ಮೋಡದ ದಿನಗಳಿಗೆ ಇನ್ನೊಂದು ಪ್ಯಾನಲ್ ಸೇರಿಸಿದರೆ ನೆಮ್ಮದಿ.

ಇದರ ಕಷ್ಟವೂ ಹೇಳುತ್ತೇನೆ. ಜಾಗ ಕಡಿಮೆ. ಮೂವರು ನಾಲ್ವರಿಗೆ 60 ಲೀಟರ್‌ನಲ್ಲಿ ಇಡುವುದನ್ನು ಆರಿಸಿಕೊಳ್ಳಬೇಕಾಗುತ್ತದೆ. ವೈರಿನ ವಿಷಯದಲ್ಲಿ ಹುಷಾರಾಗಿರಬೇಕು. 12 ವೋಲ್ಟ್‌ನಲ್ಲಿ 60 ವ್ಯಾಟ್ ಅಂದರೆ 5 ಆಂಪಿಯರ್. ಉದ್ದನೆಯ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದುಹೋಗಿ, ‘ಬ್ಯಾಟರಿ ಖಾಲಿ’ ಅಂತ ತಿಳಿದು ಫ್ರಿಜ್ ತಾನೇ ನಿಲ್ಲುತ್ತದೆ. ವೈರ್ ಗಿಡ್ಡ ಇರಲಿ, ದಪ್ಪ ಇರಲಿ. ಸಿಗರೇಟ್ ಲೈಟರ್ ಥರದ ಆ ಪ್ಲಗ್ ಸಡಿಲವಾಗಿ ಬಿಸಿಯಾಗುತ್ತಾ ಅಂತ ಮೊದಲ ದಿನ ಕೈಯಿಟ್ಟು ನೋಡಿ.

ನಡುವಿನ ಆಯ್ಕೆ ಬೇಕಿದ್ದರೆ ಡೈರೆಕ್ಟ್ ಕೂಲ್, ಇನ್ವರ್ಟರ್ ಕಂಪ್ರೆಸರ್ ಇರುವ ಸಣ್ಣ ಸಿಂಗಲ್ ಡೋರ್ ಫ್ರಿಜ್. ಮಂಜನ್ನು ನೀವೇ ಕರಗಿಸಬೇಕು, ಆದರೆ ಆ ಹೀಟರ್ ಇಲ್ಲ. ಮೇಲಿನಿಂದ ಮುಚ್ಚಳ ತೆರೆಯುವ ಚೆಸ್ಟ್ ಫ್ರೀಜರ್‌ಗೆ ಹೊರಗಿನ ಥರ್ಮೋಸ್ಟಾಟ್ ಹಾಕಿ 3-4 ಡಿಗ್ರಿಗೆ ನಿಲ್ಲಿಸಿ ಫ್ರಿಜ್ ಮಾಡಿಕೊಳ್ಳುವವರೂ ಇದ್ದಾರೆ. ದಪ್ಪ ಇನ್ಸುಲೇಶನ್, ತೆರೆದಾಗ ತಂಪು ಹೊರಗೆ ಸುರಿಯುವುದಿಲ್ಲ, ಕರೆಂಟ್ ಬಹಳ ಕಡಿಮೆ. ತಳದಲ್ಲಿ ನೀರು ನಿಲ್ಲುತ್ತದೆ, ಆಗಾಗ ಒರೆಸಬೇಕು, ಬೇಕಾದದ್ದು ಯಾವಾಗಲೂ ಅಡಿಯಲ್ಲೇ ಇರುತ್ತದೆ.

ಒಂದನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ‘12 ವೋಲ್ಟ್ ಕೂಲರ್’ ಅಂತ ಹಗುರವಾದ, ಕಂಪ್ರೆಸರ್ ಇಲ್ಲದ ಪೆಟ್ಟಿಗೆಗಳು ಬರುತ್ತವೆ. ಅವು ಪೆಲ್ಟಿಯರ್ ಬಿಲ್ಲೆಯಿಂದ, ಅಂದರೆ ಕರೆಂಟ್ ಹರಿದಾಗ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುವ ಬಿಲ್ಲೆಯಿಂದ ಓಡುತ್ತವೆ. ಹೊರಗಿನ ಸೆಖೆಗಿಂತ ಒಂದು 20 ಡಿಗ್ರಿ ಕೆಳಗೆ ಇಳಿಸಬಲ್ಲವು, ಅಷ್ಟೇ. ಹೊರಗೆ 35 ಇದ್ದರೆ ಒಳಗೆ 15. ಬಿಡುವಿಲ್ಲದೆ 50 ವ್ಯಾಟ್ ಎಳೆದರೆ ದಿನಕ್ಕೆ 1,200 ವ್ಯಾಟ್-ಅವರ್ ಹೋಗುತ್ತದೆ. ಹಾಲೂ ಉಳಿಯುವುದಿಲ್ಲ, ಬ್ಯಾಟರಿಯೂ ಉಳಿಯುವುದಿಲ್ಲ.

ಮೂರನೇ ದಾರಿ, ಈಗಿನ ಫ್ರಿಜ್‌ಗೆ ತಕ್ಕಷ್ಟು ದೊಡ್ಡ ವ್ಯವಸ್ಥೆ. ಎರಡು ಯೂನಿಟ್ ಖರ್ಚಿಗೆ ಎರಡು ದಿನದ ದಾಸ್ತಾನು ಬೇಕು ಅಂದರೆ ಸುಮಾರು 5,000 ವ್ಯಾಟ್-ಅವರ್ ಬ್ಯಾಟರಿ, ಬಿಸಿಲಿನ ದಿನದ ಲೆಕ್ಕಕ್ಕೇ 600 ವ್ಯಾಟ್ ಪ್ಯಾನಲ್, ಮೋಡ ಲೆಕ್ಕ ಹಿಡಿದರೆ 800 ಅಥವಾ ಜಾಸ್ತಿ. ಆ ಮಟ್ಟಕ್ಕೆ ಹೋದರೆ ಪೋರ್ಟಬಲ್ ಪ್ಯಾಕ್ ಬಿಟ್ಟು ಗೋಡೆಗೆ ಕೂರಿಸುವ ಬ್ಯಾಟರಿ, ಬೇರೆ ಇನ್ವರ್ಟರ್, ಸರಿಯಾದ ಫ್ಯೂಸ್, ಅರ್ಥಿಂಗ್ ಹಾಕಿಸಿ. ಅದು ಬಲ್ಲ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಮನೆಯ ದೀಪ, ಪಂಪು ಎಲ್ಲ ಸೇರಿ ಹೇಗೂ ಅಷ್ಟು ಬೇಕು ಅನ್ನುವುದಾದರೆ ಇದು ಸರಿ. ಒಂದು ಹಳೇ ಫ್ರಿಜ್‌ಗೋಸ್ಕರ ಅಂತಾದರೆ ನಾನು ಹೇಳುವುದಿಲ್ಲ.

ಪ್ಯಾನಲ್ ಸೇರಿಸುವಾಗ ಒಂದು ಮಾತು. ಪ್ರತಿ ಪ್ಯಾನಲ್ ಹಿಂದೆ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಾಗ ಇರುವ ವೋಲ್ಟೇಜ್) ಅಂತ ಒಂದು ಅಂಕಿ ಇರುತ್ತದೆ. ಎರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್ ಬರುವಂತೆ ಜೋಡಿಸಿದರೆ ಅವು ಕೂಡಿಕೊಳ್ಳುತ್ತವೆ. ಆ ಮೊತ್ತ ನಿಮ್ಮ ಪ್ಯಾಕ್ ತಾಳುವ ಗರಿಷ್ಠ ವೋಲ್ಟೇಜ್‌ಗಿಂತ ಸಾಕಷ್ಟು ಕಡಿಮೆ ಇರಬೇಕು. ಚಳಿಯ ಬೆಳಗಿನಲ್ಲಿ ವೋಲ್ಟೇಜ್ ಇನ್ನೂ ಏರುತ್ತದೆ. ಮಿತಿ ದಾಟಿದರೆ ಪ್ಯಾಕ್‌ನ ಸೋಲಾರ್ ಇನ್‌ಪುಟ್ ಹೋಯಿತು ಅಂತಲೇ. ನೆರಳನ್ನೂ ನೋಡಿಕೊಳ್ಳಿ. ಒಂದು ಕೊಂಬೆಯ ನೆರಳು ಒಂದು ಮೂಲೆಗೆ ಬಿದ್ದರೆ ಆ ಮೂಲೆಯಷ್ಟೇ ಕರೆಂಟ್ ಕಡಿಮೆಯಾಗುವುದಲ್ಲ, ಪ್ಯಾನಲ್‌ನ ದೊಡ್ಡ ಪಾಲೇ ಮಲಗಿಬಿಡುತ್ತದೆ.

ಪ್ಯಾಕ್ ಒಳಗಿನ ಬ್ಯಾಟರಿ ಯಾವ ಬಗೆಯದು ಅಂತಲೂ ನೋಡಿ. ನೀವು ದಿನವೂ ಒಂದು ಸಲ ತುಂಬಿಸಿ ಖಾಲಿ ಮಾಡುತ್ತಿದ್ದೀರಿ, ಹಾಗಾಗಿ ಇದು ಮುಖ್ಯ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ತಯಾರಕರು ಸಾಮಾನ್ಯವಾಗಿ 3,000 ಸುತ್ತಿನ ಆಸುಪಾಸು ಹೇಳುತ್ತಾರೆ, ಅಂದರೆ ಎಂಟು ವರ್ಷ. ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯದು 500ರಿಂದ 1,000 ಸುತ್ತು, ದಿನಬಳಕೆಗೆ ಎರಡು ಮೂರು ವರ್ಷವೂ ಕಷ್ಟ. ಬೆಂಕಿಯ ವಿಷಯದಲ್ಲೂ ಮೊದಲನೆಯದು ಹೆಚ್ಚು ಸ್ಥಿರ. ಹಾಗಂತ ಏನೂ ಆಗುವುದಿಲ್ಲ ಅಂತಲ್ಲ.

ಅದಕ್ಕೇ, ಪ್ಯಾಕ್ ಅನ್ನು ಫ್ರಿಜ್ ಹಿಂದಿನಿಂದ ಇವತ್ತೇ ತೆಗೆಯಿರಿ. ಫ್ರಿಜ್ ಒಳಗಿನ ಬಿಸಿಯನ್ನೆಲ್ಲ ಹೊರಗೆ ಹಾಕುವುದು ಆ ಸಂದಿಯಲ್ಲೇ. ಪ್ಯಾಕ್ ಕೂಡ ತನ್ನ ಬಿಸಿಯನ್ನು ಅಲ್ಲೇ ಊದುತ್ತದೆ. ಎರಡಕ್ಕೂ ಉಸಿರು ಕಟ್ಟುತ್ತದೆ, ಫ್ರಿಜ್ ಜಾಸ್ತಿ ಹೊತ್ತು ಓಡುತ್ತದೆ, ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಗಾಳಿಯಾಡುವ, ಬಿಸಿಲು ಬೀಳದ ಗಟ್ಟಿ ನೆಲದ ಮೇಲೆ ಇಡಿ. ಬಟ್ಟೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ಹತ್ತಿರ ಬೇಡ. ರಾತ್ರಿ ಎಲ್ಲರೂ ಹೊರಗೆ ಹೋಗುವ ಬಾಗಿಲ ದಾರಿಯಲ್ಲೂ ಬೇಡ. ಫ್ರಿಜ್ ಹಿಂದೆ ಒಂದು ಗೇಣು ಜಾಗ ಬಿಡಿ, ಕಾಯಿಲ್ ಮೇಲಿನ ಧೂಳು ಒರೆಸಿ, ಬಾಗಿಲಿನ ಗ್ಯಾಸ್ಕೆಟ್‌ಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಗ್ಯಾಸ್ಕೆಟ್ ಬದಲಾಯಿಸಿ. ಹವೆ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವ ಜಾಗವಾದರೆ ಆ ಚಳಿಯಲ್ಲಿ ಪ್ಯಾಕ್ ಚಾರ್ಜ್ ಮಾಡಬಾರದು, ಸೆಲ್ ಒಳಗೆ ಲಿಥಿಯಂ ಲೋಹ ಕಟ್ಟಿಕೊಂಡು ಹಾಳಾಗುತ್ತದೆ. ಪ್ಯಾಕ್‌ನ ಮೈ ಉಬ್ಬಿದ್ದರೆ, ವಿಚಿತ್ರ ವಾಸನೆ ಬಂದರೆ, ಒಮ್ಮೆ ನೀರಲ್ಲಿ ಮುಳುಗಿದ್ದರೆ ಅದನ್ನು ಒಣಗಿಸಿ ಮತ್ತೆ ಆನ್ ಮಾಡಿ ನೋಡುವ ಪ್ರಯತ್ನವೇ ಬೇಡ. ಎಲ್ಲ ಪ್ಲಗ್ ತೆಗೆದು, ಮನೆಯಿಂದ ದೂರ ಹೊರಗಿಟ್ಟು, ತಯಾರಕರ ಸರ್ವಿಸ್‌ಗೆ ಫೋನ್ ಮಾಡಿ.